ಎತ್ತಿನಗಾಡಿ ಚಿತ್ರದ ಹಳೆ ಅಂಚೆಚೀಟಿಗೆ ಲಕ್ಷ ರೂಪಾಯಿ ಸಿಗುತ್ತದೆಯೇ?

“ಹಳೇ ನೋಟು ಇದೆಯೇ? ಫೋಟೋ ಕಳಿಸಿ, ಲಕ್ಷಾಧಿಪತಿಯಾಗಿ!” ಇಂಥ ಸಂದೇಶ ನಿಮಗೂ ಬಂದಿರಬಹುದು. ಅಜ್ಜನ ಪೆಟ್ಟಿಗೆಯಲ್ಲಿ ಎತ್ತು, ಕುದುರೆ, ಒಂಟೆ ಚಿತ್ರದ ಸ್ಟ್ಯಾಂಪ್ ಸಿಕ್ಕಾಗಲೂ ಅದೇ ಆಸೆ ಹುಟ್ಟುತ್ತದೆ. ನಿಜಾಂಶ ಏನು?

ಈ ಚೀಟಿಗಳು ಯಾವುವು?

ಆರನೇ ಜಾರ್ಜ್ ದೊರೆಯ ಕಾಲದಲ್ಲಿ, 1937ರಲ್ಲಿ, ಟಪಾಲು ಸಾಗಿಸುವ ಬಗೆಗಳನ್ನು ತೋರಿಸುವ ಸರಣಿಯೊಂದು ಭಾರತದಲ್ಲಿ ಹೊರಬಂತು. 2 ಆಣೆಯ ಚೀಟಿಯಲ್ಲಿ ಟಪಾಲು ಹೊತ್ತು ಓಡುವ ಅಂಚೆಯಾಳು, ಎರಡೂವರೆ ಆಣೆಯದರಲ್ಲಿ ಎತ್ತಿನಗಾಡಿ, 3 ಆಣೆಯದರಲ್ಲಿ ಟಾಂಗಾ, ಮೂರೂವರೆ ಆಣೆಯದರಲ್ಲಿ ಒಂಟೆ. ನಂತರದವುಗಳಲ್ಲಿ ರೈಲು, ಹಡಗು, ಲಾರಿ, ವಿಮಾನ. ಪತ್ರಗಳನ್ನು ಹೊತ್ತ ಪ್ರಾಣಿಗಳಿಗೆ ಪತ್ರದ ಮೇಲೆಯೇ ಜಾಗ ಸಿಕ್ಕಿತ್ತು.

ಹಳೆಯದೆಲ್ಲ ದುಬಾರಿಯೇ?

ಅಲ್ಲ. ಬೆಲೆ ಕಟ್ಟುವುದು ವಯಸ್ಸಲ್ಲ, ವಿರಳತೆ ಮತ್ತು ಸ್ಥಿತಿ. 1854ರ 4 ಆಣೆ ಚೀಟಿಗಳಲ್ಲಿ ಕೆಲವಕ್ಕೆ ವಿಕ್ಟೋರಿಯಾ ರಾಣಿಯ ತಲೆ ತಲೆಕೆಳಗಾಗಿ ಅಚ್ಚಾಗಿತ್ತು. ಉಳಿದಿರುವುದು ಕೆಲವೇ, ಹಾಗಾಗಿ ಅವು ಬಹಳ ದುಬಾರಿ. 1937ರ ಎತ್ತಿನಗಾಡಿ ದಿನಬಳಕೆಯ ಚೀಟಿ. ಮುದ್ರೆ ಬಿದ್ದ ಸಾಮಾನ್ಯ ಪ್ರತಿಗೆ ಲಕ್ಷ ಸಿಗುವುದಿಲ್ಲ.

ಮೋಸ ಎಲ್ಲಿದೆ?

“ನಿಮ್ಮ ಚೀಟಿಗೆ 5 ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ” ಎಂದರೆ ಅಲ್ಲೇ ನಿಲ್ಲಿಸಿ. ಕೊಳ್ಳುವವರು ಹಣ ಕೊಡಬೇಕು, ಕೇಳಬಾರದು. ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಸ್ಟ್ಯಾಂಪಿಗೂ ಇದೇ ಎಚ್ಚರ ಇರಲಿ. ಒಟಿಪಿ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಚೀಟಿ ಸಿಕ್ಕರೆ ಏನು ಮಾಡಬೇಕು?

* ಲಕೋಟೆಯಿಂದ ಕೀಳಬೇಡಿ. ಯಾವ ಊರಿಂದ, ಯಾವ ದಿನ ಹೊರಟಿತೆಂದು ಮುದ್ರೆ ಹೇಳುತ್ತದೆ. ಸಂಗ್ರಾಹಕರು ಅದನ್ನೂ ನೋಡುತ್ತಾರೆ.
* ಸೆಲೋಟೇಪ್, ಗೋಂದು, ಲ್ಯಾಮಿನೇಶನ್ ಬೇಡ. ಅಂಚಿನ ಒಂದು ಹಲ್ಲು ಮುರಿದರೂ ಬೆಲೆ ಇಳಿಯುತ್ತದೆ.
* ಬೆರಳಿನ ಬದಲು ಚಪ್ಪಟೆ ತುದಿಯ ಚಿಮಟ ಬಳಸಿ. ತೇವ, ಬಿಸಿಲು ತಾಗದಂತೆ ಸ್ಟ್ಯಾಂಪ್ ಆಲ್ಬಮ್‌ನಲ್ಲಿಡಿ.
* ಮಾರುವುದಾದರೆ ಒಬ್ಬರ ಮಾತಿಗೆ ಒಪ್ಪದೆ, ಇಬ್ಬರು ಮೂವರು ಅನುಭವಿ ಸಂಗ್ರಾಹಕರಿಗೆ ತೋರಿಸಿ.

ಒಟ್ಟಿನಲ್ಲಿ: ಪ್ರಾಣಿಯ ಚಿತ್ರ ಇದ್ದ ಮಾತ್ರಕ್ಕೆ ಹಳೆಯ ಚೀಟಿ ಲಕ್ಷ ಬಾಳುವುದಿಲ್ಲ. ಆದರೆ ರೈಲು ತಲುಪದ ಊರಿಗೆ ಪತ್ರ ಹೇಗೆ ಬರುತ್ತಿತ್ತು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಚೀಟಿಯನ್ನು ಉಳಿಸಿಕೊಳ್ಳಿ, ಫಾರ್ವರ್ಡ್ ಅನ್ನು ಅಳಿಸಿಬಿಡಿ.