ಗಗನಯಾನದ ಆಟಕ್ಕೆ ಹಿಮ್ಮೇಳ

ಪಗಡೆ, ಚೌಕಾಬಾರ, ಹಾವು-ಏಣಿ ಮೊದಲಾದ ಆಟಗಳನ್ನು ಅರಿಯದ ಗೃಹಸ್ಥರು ನಮ್ಮ ನಾಡಿನಲ್ಲಿ ಇರಲಾರರು. ಆದರೆ ಈಚಿನ ವರ್ಷಗಳಲ್ಲಿ ಮಕ್ಕಳು ಮೇಜಿನ ಸುತ್ತ ಕುಳಿತು ಆಡುವ ಹೊಸತೊಂದು ಆಟವು ಕೆಲವು ಮನೆಗಳನ್ನು ಹೊಕ್ಕಿರುವುದು. ಇದರಲ್ಲಿ ಕಾಯಿ ಹೊಡೆಯುವುದಿಲ್ಲ, ಹಣ್ಣಾಗುವುದೂ ಇಲ್ಲ. ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಕುಳಿತವರೆಲ್ಲ ಕೂಡಿ ಒಂದು ಕಥೆಯನ್ನು ಬಾಯಿಮಾತಿನಿಂದಲೇ ಕಟ್ಟುವರು. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ‘ನಾನು ಬಾಗಿಲನ್ನು ತೆರೆಯುತ್ತೇನೆ’, ‘ನಾನು ಹಿಂದಕ್ಕೆ ಸರಿಯುತ್ತೇನೆ’ ಎಂದು ತಮ್ಮ ಪಾತ್ರದ ನಡೆಯನ್ನು ನುಡಿಯುವರು. ಆ ನಡೆಯು ಸಫಲವೋ ವಿಫಲವೋ ಎಂಬ ಸಂದೇಹ ಬಂದಾಗ ದಾಳವು ತೀರ್ಪು ಕೊಡುವುದು. ಸಂಕ್ಷೇಪವಾಗಿ ಹೇಳುವುದಾದರೆ, ಇದು ರಂಗಸ್ಥಳವಿಲ್ಲದ, ವೇಷವಿಲ್ಲದ, ಮುಂಚಿತವಾಗಿ ಬರೆದಿಟ್ಟ ಮಾತಿಲ್ಲದ ನಾಟಕ.

ಈ ಬಗೆಯ ಆಟವನ್ನು ಮೊದಲು ಅಚ್ಚುಹಾಕಿಸಿ ಪ್ರಚಾರಕ್ಕೆ ತಂದವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು. 1974ರಲ್ಲಿ ಪ್ರಕಟವಾದ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಮಾಂತ್ರಿಕರೂ ಘಟಸರ್ಪಗಳೂ ಬರುವುವು. 1977ರಲ್ಲಿ ಮಾರ್ಕ್ ಮಿಲ್ಲರ್ ಎಂಬುವರು ‘ಟ್ರಾವೆಲರ್’ ಎಂಬ ಆಟವನ್ನು ರಚಿಸಿ, ಅದೇ ಕ್ರಮವನ್ನು ನಕ್ಷತ್ರಗಳ ನಡುವಣ ಯಾನಕ್ಕೆ ಅಳವಡಿಸಿದರು. ಅದಕ್ಕೆ ಬೇಕಾದುದು ಆರು ಮುಖಗಳ ಎರಡು ದಾಳಗಳು ಮಾತ್ರ. ಕಥೆಯ ಸಾಮಗ್ರಿಯು ವಿಜ್ಞಾನ. ಅದರ ಜೀವವಾದರೋ ಕಲ್ಪನೆ.

ನಮ್ಮಣ್ಣನ ಮೊಮ್ಮಗನು ಹದಿನಾಲ್ಕು ವರ್ಷದವನು. ಅವನೂ ಅವನ ಗೆಳೆಯರೂ ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಇಂತಹ ಗಗನಯಾನದ ಆಟವನ್ನು ಆಡುವರು. ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಿಂದ ಅಣ್ಣ-ತಂಗಿ ಇಬ್ಬರು ಬಸ್ಸಿನಲ್ಲಿ ಬಂದು ಸೇರುವರು. ಒಂದು ದಿನ ಮೊಮ್ಮಗನು ನಮ್ಮ ಬಳಿಗೆ ಬಂದು, “ಅಜ್ಜ, ಆಟಕ್ಕೆ ಹಿಂದೆ ಸಂಗೀತ ಬೇಕು. ನಿಮಗೆ ರಾಗ ಎಲ್ಲ ಗೊತ್ತಲ್ಲ, ನೀವೇ ಆರಿಸಿಕೊಡ್ರಿ” ಎಂದನು. ನಿವೃತ್ತ ಉಪಾಧ್ಯಾಯನನ್ನು ಇಂತಹ ಕೆಲಸಕ್ಕೆ ಕರೆದರೆ ಅವನು ಹಿಗ್ಗದೆ ಇರುವನೇ? ನಾವು ಒಪ್ಪಿಕೊಂಡೆವು.

ಒಪ್ಪಿಕೊಂಡು ತಪ್ಪನ್ನೂ ಮಾಡಿದೆವು. ಗಗನದ ಕಥೆಗೆ ಘನವಾದ ನಾದವೇ ಬೇಕೆಂದು ಬಗೆದು, ಇಂಗ್ಲೆಂಡಿನ ಗುಸ್ಟಾವ್ ಹೋಲ್ಸ್ಟ್ ಗ್ರಹಗಳನ್ನು ಕುರಿತು ರಚಿಸಿದ ವಾದ್ಯಗೋಷ್ಠಿಯಲ್ಲಿನ ಮಂಗಳಗ್ರಹದ ಭಾಗವನ್ನು ಆರಿಸಿದೆವು. ಅದರ ನಡೆಯು ನಮ್ಮ ಖಂಡಚಾಪಿನಂತೆ ಐದೈದು ಎಣಿಕೆಯದು. ಭೇರಿ, ತುತ್ತೂರಿಗಳ ಆರ್ಭಟವು ಏರುತ್ತ ಏರುತ್ತ ಹೋಗುವುದು. ಕೇಳಲು ಬಲು ಸೊಗಸು. ಸ್ಪೀಕರ್ ಪೆಟ್ಟಿಗೆಯನ್ನು ಮೇಜಿನ ನಡುವೆ ಇಟ್ಟು ನಾವು ಆರಾಮಕುರ್ಚಿಯಲ್ಲಿ ಕುಳಿತೆವು.

ಅಂದಿನ ಕಥೆಯಲ್ಲಿ ಮಕ್ಕಳ ನೌಕೆಯು ದಿಕ್ಕುಗೆಟ್ಟು ತೇಲುತ್ತಿದ್ದ ಇನ್ನೊಂದು ನೌಕೆಯನ್ನು ಕಂಡಿತ್ತು. ಹರಿಹರದ ಹುಡುಗಿಯು ಹನ್ನೆರಡು ವರ್ಷದವಳು, ಮೆಲುದನಿಯವಳು. ನೌಕೆಯ ವೈದ್ಯೆಯ ಪಾತ್ರ ಅವಳದು. ಆ ಬಾಗಿಲನ್ನು ತೆರೆಯಬಾರದು, ಆಚೆ ಗಾಳಿಯಿಲ್ಲ ಎಂದು ಅವಳು ಎರಡು ಸಲ ಹೇಳಿದಳು. ಭೇರಿಯ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಬಾಗಿಲು ತೆರೆಯಿತು, ದಾಳವು ಕೆಟ್ಟದಾಗಿ ಬಿದ್ದಿತು, ಇಬ್ಬರ ಪಾತ್ರಗಳು ಮಡಿದುವು. “ನಾನು ಆಗ್ಲೇ ಹೇಳಿದ್ದೆ” ಎಂದಷ್ಟೇ ಅವಳು ನುಡಿದಳು. ಆಮೇಲೆ ಸಂಜೆಯವರೆಗೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ಮರುವಾರ ಅಣ್ಣನೊಬ್ಬನೇ ಬಂದನು. ತಂಗಿಯೆಲ್ಲಿ ಎಂದು ಕೇಳಿದರೆ, “ಅಲ್ಲಿ ನನ್ನ ಮಾತು ಯಾರಿಗೂ ಕೇಳಲ್ಲ ಅಂತಾಳೆ, ಅಜ್ಜ” ಎಂದನು.

ವಾಚಕರೇ, ಮೂರು ದಶಕಗಳಿಗೂ ಮಿಕ್ಕಿ ತರಗತಿಯಲ್ಲಿ ನಿಂತವರಿಗೆ ಈ ಮಾತಿನ ಭಾರವನ್ನು ಬೇರೆ ಯಾರೂ ತಿಳಿಸಬೇಕಾಗಿಲ್ಲ. ಮೆಲುದನಿಯ ಮಗುವು ಒಮ್ಮೆ ಬಾಯಿ ಮುಚ್ಚಿಕೊಂಡರೆ ಅದನ್ನು ಮತ್ತೆ ತೆರೆಯಿಸುವುದು ಸುಲಭವಲ್ಲ. ಈ ಆಟವೋ ಮಾತಿನಿಂದಲೇ ನಡೆಯತಕ್ಕದ್ದು. ಮಾತನ್ನು ಮುಚ್ಚುವ ಸಂಗೀತವು ಎಷ್ಟು ಉತ್ತಮವಾಗಿದ್ದರೂ ಆಟಕ್ಕೆ ಶತ್ರುವೇ ಸರಿ. ತಪ್ಪು ನಮ್ಮದು, ತಿದ್ದಬೇಕಾದವರೂ ನಾವೇ.

ಆಗ ನಮಗೆ ಕಂಪನಿ ನಾಟಕಗಳ ನೆನಪಾಯಿತು. ದಾವಣಗೆರೆಯು ಚಿಂದೋಡಿ ಮನೆತನದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮಾಸ್ತರರು ರಂಗದ ಮುಂದೆ ಕುಳಿತಿರುವರು. ಅವರ ಬೆರಳು ಮನೆಗಳ ಮೇಲಿದ್ದರೂ ಕಣ್ಣು ನಟನ ಮುಖದ ಮೇಲೆ. ನಟನು ಮಾತಿಗೆ ಬಾಯಿ ತೆರೆದನೆಂದರೆ ತಿದಿಯು ತಗ್ಗುವುದು. ಮಾತು ಮುಗಿದು ನಿಟ್ಟುಸಿರು ಹೊರಟಾಗ ಒಂದೇ ಸ್ವರವು ಮೆಲ್ಲನೆ ಏಳುವುದು. ಅಲ್ಲಿ ಸಂಗೀತವು ಮಾತಿನ ಸೇವಕ. ನಾವು ಮೇಜಿನ ಮೇಲಿಟ್ಟಿದ್ದ ಪೆಟ್ಟಿಗೆಗೆ ಕಿವಿಯೂ ಇರಲಿಲ್ಲ, ಕಣ್ಣೂ ಇರಲಿಲ್ಲ. ಅದಕ್ಕೆ ಕಣ್ಣಾಗಬೇಕಾಗಿದ್ದ ನಾವು ಕುರ್ಚಿಗೆ ಒರಗಿದ್ದೆವು.

ಇದಕ್ಕೆ ಶಾಸ್ತ್ರವೇನಾದರೂ ಉಂಟೇ ಎಂದು ಭರತಮುನಿಯ ನಾಟ್ಯಶಾಸ್ತ್ರವನ್ನು ತೆಗೆದು ನೋಡಿದೆವು. ಅದರ 32ನೆಯ ಅಧ್ಯಾಯದಲ್ಲಿ ಧ್ರುವಾಗಾನದ ವಿಚಾರವಿದೆ. ನಾಟಕದ ನಡುನಡುವೆ ಹಿಮ್ಮೇಳದವರು ಹಾಡುವ ಗೀತಗಳೇ ಧ್ರುವೆಗಳು. ಅವು ಐದು ವಿಧ. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ. ನಡೆಯುತ್ತಿರುವ ಭಾವವನ್ನು ಥಟ್ಟನೆ ಕಡಿದು ಬೇರೊಂದು ರಸವನ್ನು ತರುವುದಕ್ಕೆ ಆಕ್ಷೇಪಿಕೀ. ಕಲಕಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ಪ್ರಾಸಾದಿಕೀ. ಪಾತ್ರವು ಮೂರ್ಛೆ ಹೋದಾಗಲೋ ವೇಷಭೂಷಣವು ಸಡಿಲಿದಾಗಲೋ ಉಂಟಾಗುವ ತೆರಪನ್ನು ತುಂಬುವುದಕ್ಕೆ ಆಂತರಾ. ಕೊನೆಯಲ್ಲಿ ನಿರ್ಗಮನಕ್ಕೆ ನೈಷ್ಕ್ರಾಮಿಕೀ. ಗಗನನೌಕೆಯ ಆಟಕ್ಕೆ ಬೇಕಾದುದೂ ಈ ಐದೇ ಅಲ್ಲವೇ? ಕಥೆ ತೊಡಗುವಾಗ ಒಂದು, ಅಪಾಯವೆರಗಿದಾಗ ಒಂದು, ಅಪಾಯ ಕಳೆದಾಗ ಒಂದು, ದಾಳ ಹುಡುಕುವಾಗಲೂ ಮಂಡಕ್ಕಿ ಮೆಲ್ಲುವಾಗಲೂ ಒಂದು, ಮನೆಗೆ ಹೊರಡುವಾಗ ಒಂದು. ಮಕ್ಕಳು ನೂರು ಹಾಡುಗಳ ಪಟ್ಟಿಯನ್ನು ಮಾಡಿಕೊಂಡಿದ್ದರು. ನಾವು ಐದಕ್ಕೆ ಇಳಿಸಿದೆವು.

ಇನ್ನು ಯಾವ ನಾದವೆಂಬ ಪ್ರಶ್ನೆ. ವಿಜ್ಞಾನದ ಕಥೆಯೆಂದರೆ ಯಂತ್ರದ ಕೀರಲು ದನಿಯೇ ಇರಬೇಕೆಂಬ ರೂಢಿಯು ಸಿನಿಮಾದಿಂದ ಬಂದುದು. 1920ರ ಸುಮಾರಿಗೆ ರಷ್ಯದ ಲೆವ್ ಟೆರೆಮಿನ್ ಎಂಬುವರು ಕೈ ಮುಟ್ಟದೆಯೇ ನುಡಿಸುವ ವಿದ್ಯುತ್ ವಾದ್ಯವೊಂದನ್ನು ಕಂಡುಹಿಡಿದರು. 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ ಬರ್ನಾರ್ಡ್ ಹರ್ಮನ್ ಅದನ್ನು ಬಳಸಿದ ಮೇಲೆ ಅನ್ಯಗ್ರಹದವರೆಂದರೆ ಆ ನಡುಗುವ ನಾದವೇ ಎಂಬಂತಾಯಿತು. ಆದರೆ ಇಂತಹ ಕಥೆಗಳ ಪ್ರಧಾನ ರಸವು ಅದ್ಭುತ. ಅದರ ಸ್ಥಾಯಿಭಾವ ವಿಸ್ಮಯ. ಭರತನು ವೀರ, ರೌದ್ರ, ಅದ್ಭುತಗಳಿಗೆ ಷಡ್ಜ-ಋಷಭಗಳನ್ನೂ, ಕರುಣಕ್ಕೆ ಗಾಂಧಾರ-ನಿಷಾದಗಳನ್ನೂ, ಭಯಾನಕ-ಬೀಭತ್ಸಗಳಿಗೆ ಧೈವತವನ್ನೂ, ಶೃಂಗಾರ-ಹಾಸ್ಯಗಳಿಗೆ ಮಧ್ಯಮ-ಪಂಚಮಗಳನ್ನೂ ಹೇಳಿರುವನು. ಅವನ ಕಾಲದ ಜಾತಿಗಾನವೇ ಬೇರೆ, ಇಂದಿನ ರಾಗಗಳೇ ಬೇರೆಯಾದುದರಿಂದ ಇದನ್ನು ಅಕ್ಷರಶಃ ಅನುಸರಿಸಲಾಗದು. ವಾದ್ಯವು ಯಾವ ದೇಶದ್ದು, ಯಾವ ಕಾಲದ್ದು ಎಂಬುದಕ್ಕಿಂತ ಅದು ಯಾವ ಭಾವವನ್ನು ಎಬ್ಬಿಸುವುದು ಎಂಬುದನ್ನೇ ಮೊದಲು ಕೇಳಬೇಕೆಂಬ ತತ್ತ್ವವನ್ನು ಮಾತ್ರ ತೆಗೆದುಕೊಂಡೆವು.

ಈ ತತ್ತ್ವದ ಮೇಲೆ ಪ್ರವೇಶಕ್ಕೆ ಬರಿಯ ತಂಬೂರಿಯನ್ನು ಇಟ್ಟೆವು. ಅದಕ್ಕೊಂದು ಕಾರಣವುಂಟು. ನಮ್ಮ ಬಾಲ್ಯದ ದಾವಣಗೆರೆಯು ಹತ್ತಿಗಿರಣಿಗಳ ಊರು; ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದೂ ಇದ್ದಿತು. ಗಿರಣಿಯ ಗೋಡೆಯ ಪಕ್ಕದಲ್ಲಿ ನಡೆದರೆ ಒಳಗಿನಿಂದ ಬಿಡುವಿಲ್ಲದ ಒಂದೇ ಝೇಂಕಾರ ಕೇಳಿಬರುತ್ತಿತ್ತು. ಗಿರಣಿಗಳು ಕಾಲಕ್ರಮದಲ್ಲಿ ಮೌನವಾದುವು. ಆ ಝೇಂಕಾರವು ನಮ್ಮ ಕಿವಿಯಲ್ಲಿ ಉಳಿಯಿತು. ದೂರದ ಯಾನದಲ್ಲಿರುವ ನೌಕೆಯೊಳಗೂ ಅಂತಹದೇ ಅಖಂಡ ನಾದವಿರಬೇಕು. ಭಯದ ಸನ್ನಿವೇಶಕ್ಕೆ ಹಿಂದೂಸ್ತಾನಿಯ ಮಾರ್ವಾ ರಾಗದ ಆಲಾಪವನ್ನು ಆರಿಸಿದೆವು. ಆ ರಾಗದಲ್ಲಿ ಪಂಚಮವಿಲ್ಲ. ಷಡ್ಜವನ್ನೂ ಗಾಯಕರು ಬಹಳ ಹೊತ್ತು ಮುಟ್ಟದೆ ಸುತ್ತುವರು. ಷಡ್ಜವೆಂದರೆ ಸ್ವರಗಳಿಗೆ ಮನೆಯಿದ್ದಂತೆ. ಮನೆಯನ್ನು ಸೇರಲಾರದ ಆ ತಳಮಳವು ಭೂಮಿಯನ್ನು ಬಿಟ್ಟುಹೋದವರಿಗೆ ಒಪ್ಪದೆ ಇನ್ನಾರಿಗೆ ಒಪ್ಪೀತು?

ಇಷ್ಟನ್ನು ಸಿದ್ಧಪಡಿಸಿಕೊಂಡು, ಮೊಮ್ಮಗನೊಡನೆ ಹರಿಹರಕ್ಕೆ ಹೋದೆವು. ಹುಡುಗಿಯ ಮನೆಯವರೊಡನೆ ಮಾತನಾಡಿ, ಅಣ್ಣ-ತಂಗಿಯರನ್ನು ಕರೆದುಕೊಂಡು ಹರಿಹರೇಶ್ವರನ ದರ್ಶನ ಮಾಡಿದೆವು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯದು. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಒಂದು ಭಾಗವು ಇನ್ನೊಂದನ್ನು ನುಂಗಿಲ್ಲ. ಮಾತೂ ನಾದವೂ ಹೀಗಿರಬೇಕೆಂದು ಮಕ್ಕಳಿಗೆ ಹೇಳಿದೆವು. ಬಳಿಕ ತುಂಗಭದ್ರೆಯ ದಡಕ್ಕೆ ಬಂದಾಗ, ಕುಮಾರಪಟ್ಟಣದ ಕಡೆಗೆ ಹೊರಟ ರೈಲೊಂದು ಸೇತುವೆಯ ಮೇಲೆ ಹಾಯ್ದುಹೋಯಿತು. ನೀರಿನ ಮೇಲೆ ಹರಡಿ ಬಂದ ಆ ಗಂಭೀರವಾದ ಗುಡುಗನ್ನು ಕೇಳಿ ಹುಡುಗಿಯು ನಿಂತುಬಿಟ್ಟಳು. “ಅಜ್ಜ, ನಮ್ಮ ನೌಕೆ ಹೊರಡೋ ಸದ್ದು ಇದೇ” ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತನಾಡಿದುದನ್ನು ನಾವು ಕೇಳಿದುದು ಅದೇ ಮೊದಲು. ಮುಂದಿನ ರೈಲಿಗಾಗಿ ಕಾದು, ಆ ಸದ್ದನ್ನು ಅವಳೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಳು.

ಮರಳುವಾಗ ಮೊಮ್ಮಗನು ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿದನು: ಗಾಳಿಯಿಲ್ಲದ ಕಡೆ ಸದ್ದೇ ಇಲ್ಲವಲ್ಲ, ಅಲ್ಲಿ ಸಂಗೀತವೇಕೆ? ನಮ್ಮ ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದರು. ಭೌತಶಾಸ್ತ್ರದ ಪ್ರಕಾರ ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಿಂದ ಸಾಗುವುದು. ಶೂನ್ಯದಲ್ಲಿ ಅದಕ್ಕೆ ಸಂಚಾರವೇ ಇಲ್ಲ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರವು ಇದನ್ನು ಚೆನ್ನಾಗಿ ಅರಿತಿದೆ. ಅದರಲ್ಲಿ ಸ್ಟ್ರೌಸ್‌ನ ಇಂಪಾದ ವಾಲ್ಟ್ಸ್ ಇದೆ, ಲಿಗೆಟಿಯ ಮೈ ನಡುಗಿಸುವ ಸ್ವರಸಮೂಹವಿದೆ. ಆದರೆ ಮನುಷ್ಯನು ನೌಕೆಯ ಹೊರಗೆ ತೇಲುವಾಗ ಕೇಳುವುದು ಅವನ ಉಸಿರಾಟವೊಂದೇ. ಮೌನವೂ ಹಿಮ್ಮೇಳದ ಒಂದು ವಾದ್ಯವೆಂದು ಮೊಮ್ಮಗನಿಗೆ ತಿಳಿಸಿದೆವು. ಅಂದಿನಿಂದ ನೌಕೆಯ ಹೊರಬಾಗಿಲು ತೆರೆದಾಗ ಎಲ್ಲ ಸಂಗೀತವೂ ನಿಲ್ಲತಕ್ಕದ್ದೆಂದು ಗೊತ್ತುಮಾಡಿದೆವು.

ಇಂತಹ ಆಟವು ತಮ್ಮ ಮನೆಯಲ್ಲಿಯೂ ನಡೆಯುವುದಾದರೆ, ನಾವು ಕಲಿತ ಕೆಲವು ಸಂಗತಿಗಳು ಗೃಹಸ್ಥರಿಗೆ ಉಪಯುಕ್ತವಾಗಬಹುದು. ಮಕ್ಕಳಿಗೆ ಅರ್ಥವಾಗುವ ಭಾಷೆಯ ಹಾಡು ಬೇಡ. ಹಾಡಿನ ಮಾತೂ ಆಟದ ಮಾತೂ ಒಂದನ್ನೊಂದು ಕೆಡಿಸುವುವು. ಚಿರಪರಿಚಿತವಾದ ಸಿನಿಮಾ ಧಾಟಿಯೂ ಬೇಡ. ಮನಸ್ಸು ಆ ಸಿನಿಮಾಕ್ಕೆ ಓಡುವುದು. ಪೆಟ್ಟಿಗೆಯನ್ನು ಮೇಜಿನ ಮೇಲಿಡದೆ ಸೂತ್ರಧಾರನ ಬೆನ್ನ ಹಿಂದೆ ಇಡಬೇಕು. ಸದ್ದಿನ ಪ್ರಮಾಣಕ್ಕೆ ನಮ್ಮ ಅಳತೆ ಇಷ್ಟೇ: ಎಲ್ಲರಿಗಿಂತ ಮೆಲ್ಲಗೆ ಮಾತನಾಡುವ ಮಗುವನ್ನು ದೂರದ ಮೂಲೆಯಲ್ಲಿ ಕೂರಿಸಿ, ಅದರ ಮಾತು ಎದುರು ಮೂಲೆಗೆ ಸ್ಪಷ್ಟವಾಗಿ ಕೇಳುವವರೆಗೆ ತಗ್ಗಿಸುವುದು. ಐದು ನಾದಗಳನ್ನೂ ಮುಂಚಿತವಾಗಿ ಮೊಬೈಲಿನಲ್ಲಿ ಇಳಿಸಿಕೊಂಡಿರಬೇಕು. ಇಲ್ಲವಾದರೆ ನೌಕೆಯು ಅನ್ಯಲೋಕದಲ್ಲಿ ಇಳಿಯುವ ಮುಹೂರ್ತದಲ್ಲಿಯೇ ಸಾಬೂನಿನ ಜಾಹೀರಾತು ಬಂದು ಅದ್ಭುತರಸವನ್ನು ಹಾಸ್ಯಕ್ಕೆ ತಿರುಗಿಸುವುದು. ಇದು ನಮ್ಮ ಅನುಭವ.

ಹುಡುಗಿಯು ಮುಂದಿನ ಭಾನುವಾರ ಬಂದಳು. ಹಿಮ್ಮೇಳದ ಅಧಿಕಾರವನ್ನು ಅವಳಿಗೇ ಒಪ್ಪಿಸಿದೆವು. ಅವಳು ಕೈ ಎತ್ತಿದರೆ ನಾದವು ನಿಲ್ಲಬೇಕು, ಎಲ್ಲರೂ ಆಲಿಸಬೇಕು. ಸೇತುವೆಯ ಗುಡುಗಿನೊಡನೆ ನೌಕೆ ಹೊರಟಿತು. ಆಟದ ನಡುವೆ ಅವಳು ಕೈ ಎತ್ತಿದುದು ಮೂರು ಸಲ. ಮೂರನೆಯ ಸಲ ಅವಳು ಹೇಳಿದ ಮಾತಿನಿಂದಲೇ ನೌಕೆಯು ಉಳಿಯಿತು.

ನಿರ್ಗಮನಕ್ಕೆ ನಾವು ಇಟ್ಟಿರುವುದು ಭೈರವಿ. ಹಿಂದೂಸ್ತಾನಿ ಕಛೇರಿಗಳು ಅದರಿಂದ ಮುಗಿಯುವ ವಾಡಿಕೆಯುಂಟು. ಆದರೆ ಇನ್ನೊಂದು ಕಾರಣವೂ ಇದೆ. 1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ಒಂದೊಂದು ಧ್ವನಿಮುದ್ರಿಕೆಯನ್ನು ಇರಿಸಿರುವರು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ನಮ್ಮ ಕನ್ನಡವೂ ಅವುಗಳಲ್ಲಿ ಒಂದು. 27 ಸಂಗೀತಭಾಗಗಳ ನಡುವೆ ಕೇಸರಬಾಯಿ ಕೇರಕರ ಅವರು ಭೈರವಿಯಲ್ಲಿ ಹಾಡಿದ, ಮೂರೂವರೆ ನಿಮಿಷದ ಗೀತವೊಂದಿದೆ. ವಾಯೇಜರ್ 1 ನೌಕೆಯು 2012ರಲ್ಲಿ ಸೂರ್ಯಪ್ರಭಾವದ ಮೇರೆಯನ್ನು ದಾಟಿ ನಕ್ಷತ್ರಗಳ ನಡುವಣ ಅವಕಾಶವನ್ನು ಹೊಕ್ಕಿತು. ಮಕ್ಕಳು ಆಡುವುದು ಕಲ್ಪನೆಯ ಯಾನ. ಭೈರವಿಯಾದರೋ ನಿಜವಾಗಿಯೇ ಅಲ್ಲಿಗೆ ಹೋಗಿರುವಳು.

ಇದನ್ನು ಹೇಳಿದ ಸಂಜೆ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಹುಡುಗಿಯು, “ಅಲ್ಲಿ ಯಾರಾದ್ರೂ ಕೇಳ್ತಾರಾ, ಅಜ್ಜ?” ಎಂದಳು. ಅದು ನಮಗೆ ತಿಳಿಯದು. ಇಲ್ಲಿ, ನಮ್ಮ ಮೇಜಿನ ಸುತ್ತ ಕುಳಿತವರು ಕೇಳುತ್ತಾರೆಂದು ಮಾತ್ರ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಅವಳನ್ನೂ ಅವಳ ಅಣ್ಣನನ್ನೂ ಬೀಳ್ಕೊಟ್ಟೆವು.