ಪಂಪುಸೆಟ್ಟಿನ ಸಹಾಯಧನವೂ ಅಂತರ್ಜಲದ ನಿಬಂಧನೆಯೂ

ಯಳವತ್ತಿ, ಮಾಗಡಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಸೀಮೆಯಲ್ಲಿ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿರುತ್ತದೆ. ಮಳೆಯು ತಪ್ಪಿದ ವರ್ಷ ಬಾವಿಯುಳ್ಳವನ ಪೈರಷ್ಟೇ ಉಳಿಯುವುದರಿಂದ ಬಾವಿಗಾಗಿ ಸರಕಾರದ ನೆರವನ್ನು ಅಪೇಕ್ಷಿಸುವುದು ಸಹಜವು. ಹಿಂದೆ ನೆರೆಯ ಗದಗ ಮೊದಲಾದ ಬ್ರಿಟಿಷ್ ಮುಲುಕಿನ ತಾಲೂಕುಗಳಲ್ಲಿ 1883ರ ಭೂಸುಧಾರಣಾ ಸಾಲದ ಕಾಯದೆಯಂತೆ ಬಾವಿ, ಒಡ್ಡುಗಳಿಗೆ ತಗಾವಿಯು ದೊರೆಯುತ್ತಿತ್ತು. ತಗಾವಿಯು ಸಾಲ, ತೀರದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಾಗುತ್ತಿತ್ತು. ಆದುದರಿಂದ ಎಷ್ಟು ನೀರಿಗೆ ಎಷ್ಟು ಹಣವೆಂಬುದನ್ನು ತೆಗೆದುಕೊಳ್ಳುವವನು ಲೆಕ್ಕ ಹಾಕಲೇಬೇಕಾಗಿತ್ತು.

ಈಗಿನ ನೆರವಿನ ಬಗೆಯೇ ಬೇರೆ. 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ರಾಜ್ಯ ಸರಕಾರದವರು ಉಚಿತವಾಗಿ ವಿದ್ಯುತ್ತನ್ನು ಕೊಡಿಸುತ್ತಿರುವರು. ಉಚಿತವೆಂದ ಮಾತ್ರಕ್ಕೆ ಅದರ ಬೆಲೆಯು ಇಲ್ಲದೆ ಹೋಗಲಿಲ್ಲ. ದರವನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಪಡಿಸುವುದು. ಹಣವನ್ನು ಸರಕಾರವು ಹುಬ್ಬಳ್ಳಿಯ ವಿದ್ಯುತ್ ಕಂಪನಿಗೆ ಸಲ್ಲಿಸುವುದು. ಇಂಥ ಸಹಾಯಧನವನ್ನು ಮುಂಗಡವಾಗಿಯೇ ಕೊಡತಕ್ಕದ್ದೆಂದು 2003ರ ವಿದ್ಯುತ್ ಕಾಯದೆಯು ವಿಧಿಸಿದೆ. ಆದರೆ ಎಷ್ಟೋ ಪಂಪುಗಳಿಗೆ ಮೀಟರೇ ಇಲ್ಲ. ಅವು ಉಂಡ ವಿದ್ಯುತ್ತನ್ನು ಅಂದಾಜಿನಿಂದ ಬರೆದುಕೊಳ್ಳುವುದೆಂದರೆ ಕಣದ ರಾಶಿಯನ್ನು ಅಳೆಯದೆ ಎತ್ತಿ ಕೊಟ್ಟಂತೆಯೇ ಸರಿ. ತ್ರೀಫೇಸ್ ವಿದ್ಯುತ್ತು ದಿನದ ಕೆಲವೇ ತಾಸು, ಅದೂ ಕೆಲವೊಮ್ಮೆ ನಡುರಾತ್ರಿಯಲ್ಲಿ ಬರುವುದರಿಂದ ಒಕ್ಕಲಿಗನು ಆಟೋ ಸ್ಟಾರ್ಟರನ್ನು ಜೋಡಿಸಿ ಮಲಗುವನು. ಹೊಲಕ್ಕೆ ನೀರು ಬೇಕಿರಲಿ, ಬೇಡದಿರಲಿ, ಪಂಪು ಓಡುತ್ತಲೇ ಇರುವುದು. ಇದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ವಿದ್ಯುತ್ತು ಉಚಿತವಾದರೂ ಬಾವಿಯನ್ನು ಕೊರೆಸುವುದು ಉಚಿತವಲ್ಲ. ಹಣವಂತನು ಇನ್ನಷ್ಟು ಆಳಕ್ಕೆ ಕೊರೆಸಿ ದೊಡ್ಡ ಪಂಪನ್ನು ಇಳಿಸಿದರೆ ನೆರೆಯವನ ಆಳವಿಲ್ಲದ ಬಾವಿಯು ಬತ್ತಬಹುದು. ಆಗ ಆ ಬಡವನು ಸಾಲ ಮಾಡಿ ಮತ್ತೆ ಕೊರೆಸಬೇಕು. ಬಾವಿಯೇ ಇಲ್ಲದೆ ಶೇಂಗಾ, ಹತ್ತಿಗಳನ್ನು ಮಳೆಯಿಂದಲೇ ಬೆಳೆಯುವವನಿಗಾದರೋ ಈ ಸಹಾಯಧನದಿಂದ ದೊರೆಯುವುದು ಏನೂ ಇಲ್ಲ.

ಇದನ್ನು ತಡೆಯಲು ಕಾಯದೆಯುಂಟು. 2011ರ ಕರ್ನಾಟಕ ಅಂತರ್ಜಲ ಕಾಯದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಕೊರೆಸಕೂಡದು. ಕೊರೆಯುವ ಯಂತ್ರಗಳೂ ನೋಂದಣಿಯಾಗಬೇಕು. ಆದರೆ ರಾತ್ರಿ ಬಂದು ಬೆಳಗಾಗುವುದರೊಳಗೆ ಕೊರೆದು ಹೋಗುವ ಯಂತ್ರವನ್ನು ಜಿಲ್ಲೆಯ ಕಚೇರಿಯು ಹೇಗೆ ಕಂಡೀತು? ಒಂದು ಕೈಯಿಂದ ನೀರೆತ್ತಲು ಹಣವನ್ನು ಕೊಟ್ಟು, ಇನ್ನೊಂದು ಕೈಯಿಂದ ಎತ್ತಬೇಡವೆಂದರೆ ಹಣದ ಮಾತೇ ನಡೆಯುವುದು.

ನಿಬಂಧನೆಯನ್ನು ಸಹಾಯಧನದ ಒಳಗೇ ಇಡುವುದು ನಮ್ಮ ಎಣಿಕೆಯಲ್ಲಿ ಮೇಲಾದ ದಾರಿಯು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ ಸೌರ ಪಂಪುಗಳಿಗೆ ಕೇಂದ್ರವು ಶೇಕಡಾ 30, ನಮ್ಮ ರಾಜ್ಯವು ಶೇಕಡಾ 50ರಷ್ಟನ್ನು ಕೊಡುವಂತೆ ಏರ್ಪಾಡಾಗಿದೆ. ಉಳಿದ 20 ಒಕ್ಕಲಿಗನದು. ಸೌರ ಪಂಪು ಹಗಲಿನಲ್ಲಿಯೇ ನಡೆಯುವುದರಿಂದ ನಿದ್ದೆಗೆಡುವ ಕಾಟವಿಲ್ಲ. ಆದರೆ ಬಿಸಿಲಿಗೂ ಬಿಲ್ಲಿಲ್ಲವಾದ್ದರಿಂದ ನೀರಿನ ಅಪಾಯವು ಹಾಗೆಯೇ ಉಳಿಯುವುದು. ಇದನ್ನರಿತೇ ಅಂತರ್ಜಲವು ಅತಿಯಾಗಿ ಕುಗ್ಗಿದ ಕಡೆ ಹೊಸ ಸೌರ ಪಂಪುಗಳನ್ನು ಕೊಡಕೂಡದೆಂದೂ, ಇದ್ದ ಡೀಸೆಲ್ ಪಂಪನ್ನು ಬದಲಾಯಿಸುವುದಾದರೆ ಹನಿ ನೀರಾವರಿಯಂಥ ಪದ್ಧತಿಯಿರಬೇಕೆಂದೂ ಯೋಜನೆಯ ನಿಯಮಗಳಲ್ಲಿ ಹೇಳಿದೆ. 2014ರಲ್ಲಿ ಮೊದಲಾದ ಕೃಷಿ ಭಾಗ್ಯದಲ್ಲಿಯೂ ಹೊಂಡದೊಡನೆ ತುಂತುರು, ಹನಿ ನೀರಾವರಿಗಳನ್ನು ಸೇರಿಸಿದ್ದು ಇದೇ ವಿಚಾರದಿಂದ. ಹರಿದು ಹೋಗುವ ಮಳೆಯ ನೀರನ್ನು ಹಿಡಿಯುವ ಹೊಂಡಕ್ಕೆ ಕೊಟ್ಟ ರೂಪಾಯಿಯು ನೆರೆಯವನ ಬಾವಿಯನ್ನು ಬತ್ತಿಸುವುದಿಲ್ಲ.

ಊರಿನ ಹಿರಿಯರೂ ಜಮೀನುದಾರರೂ ಇಂಥ ನಿಬಂಧನೆಗಳನ್ನು ಕಚೇರಿಯ ಕಿರುಕುಳವೆಂದು ಬಗೆದು ಸಡಿಲಿಸಲು ಯತ್ನಿಸಬಾರದು. ಪಂಚಾಯತಿಯಲ್ಲಿ ಒಂದು ಪುಸ್ತಕವನ್ನಿಟ್ಟು ಪ್ರತಿಯೊಂದು ಕೊಳವೆ ಬಾವಿಯ ಆಳ, ಪಂಪಿನ ಶಕ್ತಿ, ನೆರೆಯ ಬಾವಿಯಿಂದ ಅದರ ದೂರಗಳನ್ನು ಬರೆಯಿಸಬೇಕು. ಬೇಸಗೆಯ ಕಡೆಯಲ್ಲೊಮ್ಮೆ, ಹಿಂಗಾರಿ ಮಳೆಗಳು ತೀರಿದ ಮೇಲೊಮ್ಮೆ ನಾಲ್ಕಾರು ಬಾವಿಗಳ ನೀರಿನ ಮಟ್ಟವನ್ನು ಅಳೆಯಿಸಿ ಅದರಲ್ಲಿಯೇ ಗುರುತಿಸಬೇಕು. ಹೊಸ ಬಾವಿಯ ಮಾತು ಬಂದಾಗ ಈ ಪುಸ್ತಕವನ್ನು ಗ್ರಾಮಸಭೆಯ ಮುಂದೆ ತೆರೆದು ಓದಿಸುವುದು.