ಪ್ರಜ್ಞಾಸ್ಥಿತಿಯ ತೊಂದರೆಯುಳ್ಳ ಮಕ್ಕಳಲ್ಲಿ ಸಂಗೀತದ ಮೂಲಕ ಅರಿವಿನ ಪರೀಕ್ಷೆ: ಪೋಷಕರಿಗೆ ಮಾಹಿತಿ

ತಲೆಗೆ ತೀವ್ರ ಪೆಟ್ಟು, ನೀರಿನಲ್ಲಿ ಮುಳುಗುವಿಕೆ, ಮೆದುಳು ಜ್ವರ ಮುಂತಾದ ಕಾರಣಗಳಿಂದ ಕೋಮಾ ಸ್ಥಿತಿ ತಲುಪಿದ ಕೆಲವು ಮಕ್ಕಳು ಅನಂತರ ಕಣ್ಣು ತೆರೆದರೂ ಮಾತನಾಡುವುದಿಲ್ಲ. ಹೇಳಿದಂತೆ ಕೈಕಾಲು ಆಡಿಸುವುದಿಲ್ಲ. ಕಣ್ಣು ತೆರೆದಿರುವುದು ಎಚ್ಚರದ ಲಕ್ಷಣವೇ ಹೊರತು ಅರಿವಿನ ಲಕ್ಷಣವಲ್ಲ. ಅಂತೆಯೇ, ಪ್ರತಿಕ್ರಿಯೆ ಕಾಣದ ಮಾತ್ರಕ್ಕೆ ಅರಿವಿಲ್ಲವೆಂದು ತೀರ್ಮಾನಿಸಲಾಗದು. 2009ರಲ್ಲಿ ಪ್ರಕಟವಾದ ಬೆಲ್ಜಿಯಂ ದೇಶದ ಅಧ್ಯಯನವೊಂದರಲ್ಲಿ, ವೈದ್ಯರ ತಂಡವು ಅರಿವಿಲ್ಲವೆಂದು ಗುರುತಿಸಿದ್ದ 44 ರೋಗಿಗಳ ಪೈಕಿ 18 ಮಂದಿಗೆ ಕನಿಷ್ಠ ಅರಿವು ಇದ್ದುದು ಪ್ರಮಾಣಿತ ಪರೀಕ್ಷೆಯಿಂದ ಕಂಡುಬಂದಿತು. ಮುಂದಿನ ಚಿಕಿತ್ಸೆ ಹಾಗೂ ಪುನಶ್ಚೇತನವು ಈ ತೀರ್ಮಾನವನ್ನು ಅವಲಂಬಿಸಿರುವುದರಿಂದ ಸೂಕ್ಷ್ಮ ಪರೀಕ್ಷೆ ಅತ್ಯಗತ್ಯ.

ಸಂಗೀತವೇ ಏಕೆ?

"ಕೈ ಎತ್ತು" ಎಂಬ ಸೂಚನೆಯನ್ನು ಪಾಲಿಸಲು ಭಾಷೆಯ ತಿಳಿವಳಿಕೆ ಬೇಕು. ಮಾತು ಕಲಿಯುವ ಮೊದಲೇ ಕಾಯಿಲೆಗೆ ತುತ್ತಾದ ಮಗುವಿಗೆ ಇದು ಸಾಧ್ಯವಾಗದು. ಆದರೆ ತಾಯಿಯ ಜೋಗುಳವನ್ನು ಗುರುತಿಸಲು ಮಾತು ಬರಬೇಕಾಗಿಲ್ಲ.

ಪರೀಕ್ಷೆಯ ವಿಧಾನ

ಬ್ರಿಟನ್ನಿನಲ್ಲಿ ವೆಂಡಿ ಮ್ಯಾಗೀ ಮತ್ತು ಸಹೋದ್ಯೋಗಿಗಳು ರೂಪಿಸಿದ 'ಮಟಾಡಾಕ್' ಎಂಬ ಪರೀಕ್ಷೆಯು 14 ಅಂಶಗಳನ್ನು ಒಳಗೊಂಡಿದೆ. ತರಬೇತಿ ಪಡೆದ ಸಂಗೀತ ಚಿಕಿತ್ಸಕರು ಪರಿಚಿತ ಹಾಡನ್ನು ಎದುರಿನಲ್ಲಿಯೇ ಹಾಡುವರು, ಉಸಿರಾಟದ ಲಯಕ್ಕೆ ಹೊಂದುವಂತೆ ನುಡಿಸುವರು ಮತ್ತು ವಾದ್ಯವನ್ನು ತೋರಿಸಿ ನೋಟವನ್ನು ಗಮನಿಸುವರು. ಪರೀಕ್ಷೆಯನ್ನು ಹಲವು ಬಾರಿ ನಡೆಸಲಾಗುವುದು. ಜೋರು ಸದ್ದಿಗೆ ಬೆಚ್ಚುವುದು ಕೇವಲ ಅನೈಚ್ಛಿಕ ಕ್ರಿಯೆಯಾಗಿರಬಹುದು; ಹಾಡಿನ ಕಡೆಗೆ ಮತ್ತೆ ಮತ್ತೆ ಕಣ್ಣು ತಿರುಗಿಸುವುದಕ್ಕೆ ಹೆಚ್ಚಿನ ಮಹತ್ವವಿದೆ.

ಈ ಪರೀಕ್ಷೆಯು 2014ರಲ್ಲಿ ವಯಸ್ಕರಿಗಾಗಿ ಪ್ರಮಾಣೀಕೃತವಾಯಿತು. ಮಕ್ಕಳಲ್ಲಿ ಇದರ ಬಳಕೆಯ ಕುರಿತು 2015ರಲ್ಲಿ ಸಣ್ಣ ಪ್ರಮಾಣದ ಅಧ್ಯಯನವೊಂದು ಪ್ರಕಟವಾಯಿತು. ಆದುದರಿಂದ ಮಕ್ಕಳ ವಿಷಯದಲ್ಲಿ ಇದರ ಫಲಿತಾಂಶವನ್ನು ನರರೋಗ ತಜ್ಞರ ಇತರ ಪರೀಕ್ಷೆಗಳೊಂದಿಗೆ ಸೇರಿಸಿಯೇ ಪರಿಗಣಿಸತಕ್ಕದ್ದು.

ಪೋಷಕರು ಗಮನಿಸಬೇಕಾದ ಅಂಶಗಳು

1. ಮಗು ಮೊದಲು ಕೇಳುತ್ತಿದ್ದ ಜೋಗುಳ, ಶಾಲೆಯ ಹಾಡು, ಭಜನೆ ಇತ್ಯಾದಿಗಳ ಪಟ್ಟಿ ಸಿದ್ಧಪಡಿಸುವುದು.
2. ಕಾಯಿಲೆಗೆ ಮುಂಚೆ ಮಗುವಿನ ಮಾತು, ಶ್ರವಣ, ದೃಷ್ಟಿ ಹೇಗಿದ್ದವೆಂದು ತಿಳಿಸುವುದು.
3. ಮೂರ್ಛೆರೋಗದ ಕೆಲವು ಔಷಧಿಗಳು ಮಂಪರು ತರುವುದರಿಂದ, ಔಷಧಿ ನೀಡುವ ವೇಳೆ ಮತ್ತು ಮಗು ಹೆಚ್ಚು ಎಚ್ಚರವಾಗಿರುವ ವೇಳೆಯನ್ನು ಬರೆದಿಟ್ಟುಕೊಳ್ಳುವುದು.
4. ಪರೀಕ್ಷೆಯ ವೇಳೆ ಮಗುವನ್ನು ಮುಟ್ಟಿ ಎಚ್ಚರಿಸುವುದಾಗಲೀ ಕರೆಯುವುದಾಗಲೀ ಮಾಡದಿರುವುದು.
5. ಮನೆಯಲ್ಲಿ ಕಂಡ ಪ್ರತಿಕ್ರಿಯೆಗಳನ್ನು, ಎಷ್ಟೇ ಚಿಕ್ಕದಾಗಿದ್ದರೂ, ದಿನಾಂಕದೊಂದಿಗೆ ವೈದ್ಯರಿಗೆ ತಿಳಿಸುವುದು.

ವಿಶೇಷ ಸೂಚನೆ: ಈ ಪರೀಕ್ಷೆಯ ವರದಿಯು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ ನೀಡುವ ಪ್ರಮಾಣಪತ್ರಕ್ಕೆ ಪರ್ಯಾಯವಲ್ಲ. ಪ್ರಮಾಣಪತ್ರಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.